ಎರಡನೇ ಚರಣಕ್ಕೆ ಎದ್ದು ಹೋಗಬೇಡಿ!

ಹಾಡಿನ ಎರಡನೇ ಚರಣ ಶುರುವಾದ ಕೂಡಲೇ ಬೀಡಿ ಸೇದಲು ಹೊರಗೋಡುವ ಗೆಳೆಯರೇ, ಈ ವಾರದ ಮಾತು ನಿಮಗೇ!

ವುಡಿ ಅಲೆನ್‌ನ 'ಮ್ಯಾಚ್ ಪಾಯಿಂಟ್' (2005) ನೋಡಿದ್ದೀರಾ? ಶುರುವಿನಲ್ಲೇ ಟೆನಿಸ್ ಚೆಂಡು ಬಲೆಯ ಮೇಲೆ ಅತ್ತಿಂದಿತ್ತ ಹಾರುವಾಗ, ಹಳೇ ಗ್ರಾಮಫೋನ್ ತಟ್ಟೆಯ ಕರಕರ ಸದ್ದಿನ ನಡುವೆ ಗಂಡು ಕಂಠವೊಂದು ಕೇಳುತ್ತದೆ. ಹಾಡಿದವನು ಇಟಲಿಯ ಕರೂಸೋ. ಹಾಡು 'ಊನಾ ಫುರ್ತೀವಾ ಲಾಗ್ರಿಮಾ', ಅಂದ್ರೆ ಕದ್ದು ಜಾರಿದ ಕಣ್ಣೀರ ಹನಿ. 1832ರಲ್ಲಿ ಮಿಲಾನ್‌ನಲ್ಲಿ ರಂಗಕ್ಕೆ ಬಂದ ದೋನಿತ್ಸೆತ್ತಿಯ 'ಲೆಲಿಸಿರ್ ದಾಮೋರೆ' ಒಪೆರಾದ್ದು.

ಕಥೆ ಥೇಟ್ ನಮ್ಮ ಸಿನಿಮಾದ್ದೇ. ಹಳ್ಳಿಯ ಬಡ ಹೈದ ನೆಮೊರೀನೋ. ಜಮೀನುಳ್ಳ ಚೆಲುವೆ ಆದೀನಾ. ಅವಳು ಒಲೀಲಿ ಅಂತ ಇವನು ಠಕ್ಕ ವೈದ್ಯನ ಹತ್ರ ಪ್ರೇಮದ ಮದ್ದು ಕೊಳ್ತಾನೆ. ಸೀಸೆಯಲ್ಲಿರೋದು ಬರೀ ವೈನು! ಎರಡನೇ ಸೀಸೆಗೆ ಕಾಸಿಲ್ಲದೆ ಸೈನ್ಯಕ್ಕೆ ಹೆಸರು ಬರೆಸ್ತಾನೆ. ಆಮೇಲೆ ಅವಳ ಕಣ್ಣಲ್ಲಿ ಒಂದು ಹನಿ ಕಾಣ್ತಾನೆ. ಆಗ ಈ ಹಾಡು.

ಹಾರ್ಪ್ ತಂತಿಗಳ ಮೇಲೆ ಬಸೂನ್ ಎಂಬ ಉದ್ದನೆಯ ಊದುವಾದ್ಯ ಒಂಟಿಯಾಗಿ ಧಾಟಿ ನುಡಿಸುತ್ತೆ. ಅದನ್ನೇ ಹುಡುಗ ಎತ್ಕೋತಾನೆ. ಶ್ರುತಿ ಬಿ ಫ್ಲಾಟ್ ಮೈನರ್. ನಮ್ಮ ಲೆಕ್ಕಕ್ಕೆ ಸಾಧಾರಣ ಗಾಂಧಾರ. ಹುಡುಗಿ ಒಲಿದಳು ಅನ್ನೋ ಹೊತ್ತಲ್ಲಿ ಈ ಅಳುವ ಸ್ವರ ಯಾಕೆ? ಪಾಪ, ಸಿಕ್ಕದ್ದನ್ನು ನಂಬೋ ಅಭ್ಯಾಸ ಅವನಿಗಿಲ್ಲ!

ಮೊದಲ ಚರಣದ ಕೊನೆಗೆ ಹಾಡು ಬೆಳಗುತ್ತೆ. ಹೇಗೆ ಗೊತ್ತೇ? ಷಡ್ಜವನ್ನೇ ಎತ್ತಿ ಆ ಗಾಂಧಾರದ ಮೇಲಿಟ್ಟು ಡಿ ಫ್ಲಾಟ್ ಮೇಜರ್‌ಗೆ ಹೋಗ್ತಾನೆ ದೋನಿತ್ಸೆತ್ತಿ. ನಮ್ಮ ವಿದ್ವಾಂಸರು ಗ್ರಹಭೇದ ಅಂತಾರಲ್ಲ, ಅದರ ನೆಂಟ. ಹುಡುಗನಿಗೆ ಸಂತೋಷ ಸಿಕ್ಕಿತು, ಆದ್ರೆ ಪಕ್ಕದ ಮನೆಯಲ್ಲಿ! ಬಸೂನ್ ಬಂದು ಮತ್ತೆ ಮೈನರ್‌ಗೇ ಎಳೆದು ತರುತ್ತೆ.

ಎರಡನೇ ಚರಣ ಅದೇ ಧಾಟಿ. ಅದೇ ಹಾಡು ಅಂತ ನೀವು ಏಳುವ ಹೊತ್ತು... ಏಳಬೇಡಿ! ಇನ್ನು ಸತ್ತರೂ ಸರಿ ಅಂತ ಅವನು ಹಾಡುವಾಗ ಷಡ್ಜ ಕದಲೋದಿಲ್ಲ. ಗಾಂಧಾರ ಅರ್ಧ ಸ್ವರ ಮೇಲೇರಿ ಅಂತರ ಗಾಂಧಾರವಾಗುತ್ತೆ. ಬಿ ಫ್ಲಾಟ್ ಮೇಜರ್! ಸಂತೋಷ ಈಗ ಸ್ವಂತ ಮನೆಗೇ ಬಂತು.

ಮೊದಲ ಚರಣ ಕೇಳದವನಿಗೆ ಈ ಅರ್ಧ ಸ್ವರದ ಬೆಲೆ ತಿಳಿಯದು. ನಮ್ಮ ಎಷ್ಟೋ ಹಾಡುಗಳಲ್ಲಿ ಎರಡನೇ ಚರಣ ಮೊದಲನೇದರ ಕಾರ್ಬನ್ ಕಾಪಿ. ಅಂಥ ಕಡೆ ಬೀಡಿಗೆ ಹೋದವರನ್ನು ನಾನು ಬೈಯಲಾರೆ.