ಜಾತಿಗೆ ರಸೀದಿ ಕೇಳುವವರಿಗೆ



ಯಾದಗಿರಿಯಿಂದ ಅಬ್ಬೆತುಮಕೂರಿಗೆ ಹೋಗುವ ಬಸ್ಸಿನಲ್ಲಿ ನಾವು ಮೂವರು ಹಾಸ್ಟೆಲ್ ಹುಡುಗರು ಒಂದು ಅಟ್ರಾಸಿಟಿ ಕೇಸಿನ ಬಗ್ಗೆ ಮಾತಾಡುತ್ತಿದ್ದೆವು. ಮುಂದಿನ ಸೀಟಿನ ಹಿರಿಯರೊಬ್ಬರು ತಿರುಗಿ ಅಂದರು: "ತಮ್ಮಾ, ಅದು ಹೊಲದ ಬದುವಿನ ಜಗಳ. ಅದರಾಗ ಜಾತಿ ಎಲ್ಲಿಂದ ತಂದ್ರಿ?" ಆ ಮನುಷ್ಯ ಕೆಟ್ಟವನಲ್ಲ, ಇಳಿಯುವಾಗ ನಮ್ಮ ಚೀಲ ಎತ್ತಿಕೊಟ್ಟ. ಆದರೆ ಅವನ ಪ್ರಶ್ನೆಯೇ ಠಾಣೆಯಲ್ಲೂ ಕೇಳುತ್ತದೆ, ಕೋರ್ಟಿನಲ್ಲೂ ಕೇಳುತ್ತದೆ. ಅಲ್ಲಿ ಕೇಳಿದರೆ ಕೇಸೇ ಬಿದ್ದುಹೋಗುತ್ತದೆ.

ಈ ದೇಶದಲ್ಲಿ ನಮ್ಮವರನ್ನು ಬಡಿಯುವುದಕ್ಕೆ ಬದು ಕಾರಣ, ನೀರು ಕಾರಣ, ಸಿನಿಮಾ ಟಿಕೆಟ್ಟು ಕಾರಣ, ಪ್ರೀತಿ ಕಾರಣ, ಬುಲೆಟ್ ಗಾಡಿಯೂ ಕಾರಣ. ಜಾತಿ ಒಂದೇ ಎಂದೂ ಕಾರಣವಲ್ಲ!

1989ರ ದೌರ್ಜನ್ಯ ತಡೆ ಕಾಯ್ದೆಯ 3(2)(5)ನೇ ಕಲಂ ಮೊದಲು ಏನು ಹೇಳುತ್ತಿತ್ತು? ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವನ್ನು, ಆತ ಪರಿಶಿಷ್ಟನೆಂಬ 'ಕಾರಣಕ್ಕೆ' ಮಾಡಿದ್ದರೆ ಜೀವಾವಧಿ. 'ಕಾರಣಕ್ಕೆ' ಅನ್ನುವ ಆ ಒಂದು ಶಬ್ದದ ಕಿಂಡಿಯಲ್ಲಿ ಎಷ್ಟು ಜನ ನುಸುಳಿ ಹೋದರು! ಕೊಲೆಗಾರ ಕೊಡಲಿ ಎತ್ತುವಾಗ "ನಿನ್ನ ಜಾತಿಗಾಗಿ ಕಡಿಯುತ್ತಿದ್ದೇನೆ" ಎಂದು ಹೇಳಿರಬೇಕು, ಅದನ್ನು ಕೇಳಿದ ಸಾಕ್ಷಿ ಇರಬೇಕು. ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದೇ ಮನೆಯ ನಾಲ್ವರನ್ನು ಕೊಂದರು. ಕೊಲೆ ಸಾಬೀತಾಯಿತು, ಜಾತಿ ಸಾಬೀತಾಗಲಿಲ್ಲ. ಸಾಕ್ಷಿ ಹೇಳಿದ್ದಕ್ಕೆ ತೀರಿಸಿಕೊಂಡ ಸೇಡು ಎಂದರು. 2021ರಲ್ಲಿ ಕುರುಡಿಯಾದ ದಲಿತ ಯುವತಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜಾತಿಯೊಂದೇ ಕಾರಣವಾಗಿರಬೇಕಿಲ್ಲ, ಹಲವು ಕಾರಣಗಳಲ್ಲಿ ಅದೂ ಒಂದಾಗಿರಬಹುದು ಎಂದು ಒಪ್ಪಿತು. ಒಪ್ಪಿಯೂ, ಪುರಾವೆ ಇಲ್ಲವೆಂದು ಅಟ್ರಾಸಿಟಿ ಶಿಕ್ಷೆಯನ್ನು ತೆಗೆದುಹಾಕಿತು. ಬಾಗಿಲು ತೆರೆದಿದೆ, ಒಳಗೆ ಮಾತ್ರ ಬರಬೇಡಿ ಅಂದ ಹಾಗೆ.

ಇದು ನಮ್ಮಲ್ಲಿ ಮಾತ್ರ ಇರುವ ಆಟವಲ್ಲ. ದೇಶ ಬಿಟ್ಟು ಓಡಿ ಆಶ್ರಯ ಕೇಳುವವನಿಗೂ ಇದೇ ಪರೀಕ್ಷೆ. 1951ರ ಜಿನೀವಾ ನಿರಾಶ್ರಿತರ ಒಪ್ಪಂದದ ಪ್ರಕಾರ ಜೀವಭಯ ಇದ್ದರೆ ಸಾಲದು. ಅದು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೇ ಬಂದಿರಬೇಕು. ಗ್ವಾಟೆಮಾಲಾದ ಯುವಕನೊಬ್ಬನ ಮನೆಗೆ ಮುಖ ಮುಚ್ಚಿಕೊಂಡ ಗೆರಿಲ್ಲಾಗಳು ಬಂದೂಕು ಹಿಡಿದು ಬಂದು, ನಮ್ಮ ಜೊತೆ ಸೇರು ಅಂದರು. ಅವನು ಒಲ್ಲೆ ಎಂದ, ಆಮೇಲೆ ಅಮೆರಿಕಕ್ಕೆ ಓಡಿದ. 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೇಳಿದ್ದು: ಬಂದವರು ನಿನ್ನ ರಾಜಕೀಯ ಅಭಿಪ್ರಾಯಕ್ಕಾಗಿಯೇ ಕಾಡುತ್ತಾರೆ ಎನ್ನುವುದಕ್ಕೆ ಏನು ಸಾಕ್ಷಿ? ಬಡಿಯುವವನ ಮನಸ್ಸನ್ನು ಬಡಿಸಿಕೊಂಡವನೇ ತೆರೆದು ತೋರಿಸಬೇಕಂತೆ. ಆದರೆ ಅದೇ ಕೋರ್ಟು ಇನ್ನೊಂದು ಮಾತೂ ಬರೆಯಿತು: ಸಾಕ್ಷಿ ನೇರವಾಗಿಯೇ ಇರಬೇಕಿಲ್ಲ, ಸನ್ನಿವೇಶದ ಸಾಕ್ಷಿಯೂ ನಡೆಯುತ್ತದೆ. ನಾವು ಹಿಡಿಯಬೇಕಾದದ್ದು ಈ ಮಾತನ್ನು.

ಸನ್ನಿವೇಶ ಅಂದರೆ ಏನು? ಗಂಗಾವತಿ ತಾಲೂಕಿನ ಮರಕುಂಬಿ ನೋಡಿ. 2014ರ ಆಗಸ್ಟ್‌ನಲ್ಲಿ ಸಿನಿಮಾ ಟಾಕೀಸಿನಲ್ಲಿ ಜಗಳ ಆಯಿತು. ಸರಿ, ಟಿಕೆಟ್ಟಿನ ಜಗಳವೇ ಇರಲಿ. ಟಿಕೆಟ್ಟಿನ ಜಗಳ ಟಾಕೀಸಿನಲ್ಲೇ ಮುಗಿಯಬೇಕಿತ್ತಲ್ಲ, ಊರಿನ ಮಂದಿ ಸೇರಿ ದಲಿತರ ಕೇರಿಗೆ ಯಾಕೆ ಬಂತು? ಸಿನಿಮಾಕ್ಕೇ ಹೋಗದವರ ಗುಡಿಸಲಿಗೂ ಬೆಂಕಿ ಯಾಕೆ ಬಿತ್ತು? ಕ್ಷೌರದಂಗಡಿಗೆ, ಹೋಟೆಲಿಗೆ ಪ್ರವೇಶ ಬೇಕೆಂದು ಆ ಕೇರಿ ಮೊದಲೇ ಕೇಳಿತ್ತು. ಬೆಂಕಿ ವಿಳಾಸ ಹುಡುಕಿಕೊಂಡು ಬಂತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ವಿಧಿಸಿತು. ಸ್ವಲ್ಪ ದಿನದಲ್ಲೇ ಧಾರವಾಡದ ಹೈಕೋರ್ಟ್ ಪೀಠದಿಂದ ಬಹುತೇಕರಿಗೆ ಜಾಮೀನೂ ಸಿಕ್ಕಿತು.

ನಮ್ಮ ಜಿಲ್ಲೆಯದೂ ಒಂದು ಇದೆ. 2024ರ ಸೆಪ್ಟೆಂಬರ್. ಊರ ಹೆಸರು ಬರೆಯುವುದಿಲ್ಲ, ದೂರು ಕೊಟ್ಟ ಮನೆಯಲ್ಲಿ ಎಳೆಯ ಹುಡುಗಿ ಇದ್ದಾಳೆ. ರಾಜಿ ಒಲ್ಲದೆ ದೂರು ಕೊಟ್ಟದ್ದು ಒಂದು ಮನೆ, ಬಹಿಷ್ಕಾರ ಇಡೀ ಕೇರಿಗೆ. ಮಕ್ಕಳಿಗೆ ಪೆನ್ನು, ಪಟ್ಟಿ ಕೊಡಬ್ಯಾಡ್ರಿ ಅಂದರು. "ಕೇಸ್ ಹಾಕ್ಯಾರ, ಅದಕ್ಕ ಸಿಟ್ಟು, ಜಾತಿ ಅಲ್ಲ" ಅನ್ನುವವರೇ, ಪೆನ್ನು ಕೇಳಿದ ಮಗು ಯಾವ ಕೇಸು ಹಾಕಿತ್ತು? ದೂರು ಕೊಡದವನಿಗೂ ಶಿಕ್ಷೆ ಬಿದ್ದಿದೆಯಲ್ಲ, ಜಾತಿಯ ರಸೀದಿ ಅದೇ.

ಗೆಳೆಯರೇ, ಊರಿಗೆ ಹೋದಾಗ ದೂರು ಬರೆದುಕೊಡುವವರು ನಾವೇ. ಅವ್ವ ಅಪ್ಪ ಹೇಳುತ್ತಾರೆ, ನಾವು ಗೀಚುತ್ತೇವೆ, "ಜಗಳ ತೆಗೆದು ಹೊಡೆದರು" ಎಂದು ಮುಗಿಸಿಬಿಡುತ್ತೇವೆ. ಹಾಗೆ ಬರೆದದ್ದು ಎದುರಿನ ವಕೀಲನಿಗೆ ಕೊಟ್ಟ ಉಡುಗೊರೆ. ಬಾಯಿಂದ ಬಂದ ಮಾತನ್ನು ಹೊಲಸಾದರೂ ಬಂದ ಹಾಗೇ ಬರೆಯಿರಿ. ಅದನ್ನು ಯಾರ ಮುಂದೆ, ಎಲ್ಲಿ ನಿಂತು ಅಂದರು ಎಂಬುದನ್ನೂ ಬರೆಯಿರಿ. 2020ರಲ್ಲಿ ಸುಪ್ರೀಂ ಕೋರ್ಟು, ನಾಲ್ಕು ಗೋಡೆಯ ಒಳಗಿನ ಬೈಗುಳ, ಆಸ್ತಿಯ ವ್ಯಾಜ್ಯ ಎಂದು ಒಂದು ಆರೋಪವನ್ನೇ ಕಿತ್ತುಹಾಕಿದೆ. ಜಗಳಕ್ಕೆ ಸಂಬಂಧವೇ ಇಲ್ಲದ ಯಾರ್‍ಯಾರಿಗೆ ಪೆಟ್ಟು ಬಿತ್ತು? ಅದೇ ಬದುವಿಗೆ ಅವರವರೇ ಜಗಳಾಡಿದಾಗ ಗುಡಿಸಲು ಸುಟ್ಟಿದ್ದರೇ?

ಇನ್ನೊಂದು ಮಾತು. 2016ರ ಜನವರಿ 26ರಿಂದ ಆ ಕಲಮಿನಲ್ಲಿ 'ಕಾರಣಕ್ಕೆ' ಹೋಗಿ, ಪರಿಶಿಷ್ಟನೆಂದು 'ಗೊತ್ತಿದ್ದು' ಎಂದಾಗಿದೆ. ಆರೋಪಿಗೆ ನಮ್ಮ ಮನೆತನದ ಪರಿಚಯ ಇದ್ದರೆ, ಜಾತಿ ಗೊತ್ತಿತ್ತೆಂದೇ ಕೋರ್ಟು ಭಾವಿಸಬೇಕು. ಗೊತ್ತಿರಲಿಲ್ಲ ಎಂದು ತೋರಿಸುವ ಹೊರೆ ಅವನದು. ಬಹಿಷ್ಕಾರಕ್ಕೆ ಬೇರೆ ಕಲಮೇ ಬಂದಿದೆ. ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರ ತಿದ್ದುಪಡಿ ಹೇಳುತ್ತದೆ. ತನಿಖೆ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರದ್ದಲ್ಲ. ಠಾಣೆಯಲ್ಲಿ "ಇದು ಬದುವಿನ ಜಗಳ, ಹಂಗ ಬರಕೊಡ್ರಿ" ಅಂದರೆ ಬರೆದುಕೊಡಬೇಡಿ. ನಿಮ್ಮದನ್ನೇ ಕೊಡಿ, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ, ಜೆರಾಕ್ಸ್ ಮಾಡಿಸಿ ಒಂದು ಹಾಸ್ಟೆಲ್ ಟ್ರಂಕಿನಲ್ಲಿಡಿ.

ಜೈ ಭೀಮ್.