ಸಮಾನ ಅಂಕ, ಅಸಮಾನ ಸ್ಥಾನ

ದೇವದುರ್ಗದ ಸೀಮೆಯ ಅರಕೇರಾದಲ್ಲಿ ಮೊಬೈಲಿನ ಮುಂದೆ ಕುಳಿತು ಚದುರಂಗದ ಪಂದ್ಯಾವಳಿಯೊಂದನ್ನು ಆಡುತ್ತಿರುವ ಬಾಲಕನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮೊದಲನೆಯ ಸುತ್ತಿನಲ್ಲಿ ಗೆಲುವು ಕೈಗೆಟುಕುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ, ಹುಡುಗ ಸೋತನು. ಧೃತಿಗೆಡದೆ ಉಳಿದ ನಾಲ್ಕು ಆಟಗಳನ್ನೂ ಗೆದ್ದನು. ಐದರಲ್ಲಿ ನಾಲ್ಕು ಅಂಕ. ಕೊನೆಯ ಸುತ್ತಿನಲ್ಲಿ ಮಾತ್ರ ಸೋತ ಮತ್ತೊಬ್ಬನದೂ ನಾಲ್ಕೇ ಅಂಕ. ಆದರೆ ಅವನಿಗೆ ಎರಡನೆಯ ಸ್ಥಾನ, ನಮ್ಮ ಬಾಲಕನಿಗೆ ಆರನೆಯದು! ಅವನ ತಂದೆಗೆ ರೋಷ ಬಂದರೆ ಆಶ್ಚರ್ಯವೇನು?

ಉತ್ತರವಿರುವುದು ಪಂದ್ಯವನ್ನು ಜೋಡಿಸುವ ಕ್ರಮದಲ್ಲಿ. ನೂರಾರು ಮಂದಿ ಸೇರಿದಾಗ ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯ. ಆದುದರಿಂದ 1895ರಲ್ಲಿ ಜೂರಿಚ್ ನಗರದಲ್ಲಿ ಮೊದಲು ಬಳಕೆಗೆ ಬಂದ ಸ್ವಿಸ್ ಪದ್ಧತಿಯಂತೆ, ಪ್ರತಿ ಸುತ್ತಿನಲ್ಲಿಯೂ ಸಮಾನ ಅಂಕದವರನ್ನು ಎದುರುಬದುರು ಕೂರಿಸುತ್ತಾರೆ. ಗೆದ್ದವನಿಗೆ ಗೆದ್ದವನು, ಸೋತವನಿಗೆ ಸೋತವನು. ಮೊದಲೇ ಮುಗ್ಗರಿಸಿದವನು ತಗ್ಗಿನ ದಾರಿಯಲ್ಲಿ ನಡೆದು ಬರುತ್ತಾನೆ. ಮೊದಲಿನಿಂದ ಗೆದ್ದವನು ಏರನ್ನೇ ಹತ್ತಬೇಕು.

ಈ ಏರುತಗ್ಗುಗಳನ್ನು ಅಳೆಯುವ ಕೋಲಿಗೆ ಬುಕೋಲ್ಟ್ಸ್ ಎಂದು ಹೆಸರು. ಜರ್ಮನಿಯ ಬ್ರೂನೋ ಬುಕೋಲ್ಟ್ಸ್ ಎಂಬಾತ 1932ರಲ್ಲಿ ಇದನ್ನು ಸೂಚಿಸಿದನು. ಲೆಕ್ಕ ಸರಳ: ನಿಮ್ಮ ಎದುರಾಳಿಗಳೆಲ್ಲರ ಅಂತಿಮ ಅಂಕಗಳನ್ನು ಕೂಡಿಸಿರಿ. ನಮ್ಮ ಬಾಲಕನ ಎದುರಾಳಿಗಳು ಗಳಿಸಿದ್ದು 3, 1, 2, 2½, 3 ಎನ್ನೋಣ, ಒಟ್ಟು 11½. ಇನ್ನೊಬ್ಬನ ಎದುರಾಳಿಗಳದು 2½, 3, 3, 3½, 5, ಒಟ್ಟು 17. ಅತ್ಯಂತ ಕಡಿಮೆಯ ಒಂದನ್ನು ಬಿಟ್ಟು ಎಣಿಸುವ ಕ್ರಮವೂ ಉಂಟು. ಆಗಲೂ 10½ಕ್ಕೆ ಎದುರಾಗಿ 14½. ಇದರಲ್ಲಿ ಮೋಸವಿಲ್ಲ. ಆದರೆ ನೋವಿದೆ. ಕಡಿದ ಸಂಪರ್ಕವು ಮೊದಲು ಒಂದು ಅಂಕವನ್ನು ಕಸಿಯಿತು, ಬಳಿಕ ದುರ್ಬಲ ಎದುರಾಳಿಗಳನ್ನು ಕೊಟ್ಟು ಸ್ಥಾನವನ್ನೂ ಕಸಿಯಿತು. ಅದೇ ಅವಘಡ ಐದನೆಯ ಸುತ್ತಿನಲ್ಲಿ ಆಗಿದ್ದರೆ ಪೆಟ್ಟು ಒಂದೇ!

ಎಲ್ಲ ಕಡೆಯೂ ಇದೇ ಅಳತೆಯೆಂದು ನಂಬಬಾರದು. ಲಿಚೆಸ್ ತಾಣದ ಸ್ವಿಸ್ ಪಂದ್ಯಗಳಲ್ಲಿ ಸೊನ್ನೆಬೋರ್ನ್-ಬರ್ಗರ್ ಲೆಕ್ಕ: ಸೋಲಿಸಿದವರ ಅಂಕ ಪೂರ್ಣ, ಸಮ ಮಾಡಿಕೊಂಡವರದು ಅರ್ಧ, ಸೋತ ಆಟಕ್ಕೆ ಸೊನ್ನೆ.

ಸಂಪರ್ಕದ ಸಂಕಟ ದೊಡ್ಡವರನ್ನೂ ಬಿಟ್ಟಿಲ್ಲ. 2020ರಲ್ಲಿ ಚದುರಂಗದ ಒಲಿಂಪಿಯಾಡು ಅಂತರ್ಜಾಲದಲ್ಲಿ ನಡೆಯಿತು. ಎಂಟರ ಘಟ್ಟದಲ್ಲಿ ಅರ್ಮೇನಿಯದ ಆಟಗಾರನೊಬ್ಬನ ಸಂಪರ್ಕ ತಪ್ಪಿ, ನಮ್ಮ ನಿಹಾಲ್ ಸರಿನ್ ಗೆದ್ದರು. ಅರ್ಮೇನಿಯದ ಮನವಿ ತಿರಸ್ಕೃತವಾಯಿತು; ಅವರು ಮುಂದೆ ಆಡಲೇ ಇಲ್ಲ. ಪೋಲೆಂಡಿನೊಡನೆ ಸಮವಾದಾಗ ಕೊನೆರು ಹಂಪಿ ನಿರ್ಣಾಯಕ ಆಟ ಗೆದ್ದು ದಡ ಮುಟ್ಟಿಸಿದರು. ಆಗಸ್ಟ್ 30ರ ಅಂತಿಮ ಪಂದ್ಯದಲ್ಲಿ ಚಕ್ರ ತಿರುಗಿತು. ಅನೇಕ ದೇಶಗಳನ್ನು ಬಾಧಿಸಿದ ಅಂತರ್ಜಾಲದ ವ್ಯತ್ಯಯದಲ್ಲಿ ಅದೇ ನಿಹಾಲ್, ಜೊತೆಗೆ ದಿವ್ಯಾ ದೇಶಮುಖ್, ವೇಳೆ ಮೀರಿ ಸೋತರು. ಭಾರತ ಮನವಿ ಮಾಡಿತು. ಫಿಡೆಯ ಅಧ್ಯಕ್ಷ ದ್ವೋರ್ಕೊವಿಚ್ ಭಾರತ-ರಷ್ಯಗಳೆರಡಕ್ಕೂ ಚಿನ್ನವನ್ನು ಘೋಷಿಸಿದರು. ನಮಗೆ ಸಂತೋಷವಾಯಿತು, ನಿಜ. ಆದರೆ ಅರ್ಮೇನಿಯದವರಿಗೆ ಏನೆನಿಸಿರಬೇಕು ಎಂಬುದನ್ನೂ ನೆನೆಯಬೇಡವೆ?

ಸಣ್ಣ ಪಂದ್ಯಾವಳಿಯಲ್ಲಿ ಅಂಥ ಅಧ್ಯಕ್ಷರು ಯಾರೂ ಇರುವುದಿಲ್ಲ. ಇರುವುದು ನಿಯಮದ ಹಾಳೆ ಮಾತ್ರ. ಸಂಪರ್ಕ ಕಡಿದರೆ ಗಡಿಯಾರ ನಿಲ್ಲುವುದೇ, ಸಮ ಅಂಕಕ್ಕೆ ಮೊದಲ ಅಳತೆ ಯಾವುದು, ಮನವಿಗೆ ಎಷ್ಟು ನಿಮಿಷ ಎಂಬುದನ್ನು ಹೆಸರು ಕೊಡುವ ಮುನ್ನವೇ ತಂದೆಯೂ ಮಗನೂ ಕೂಡಿ ಓದಲಿ. ಮೊದಲ ಸುತ್ತಿನ ಹೊತ್ತಿಗಂತೂ ಮೊಬೈಲು ಪೂರ್ತಿ ಚಾರ್ಜಾಗಿರಲಿ. ಬೇರೆ ಕಂಪೆನಿಯ ಸಿಮ್ಮಿರುವ ಇನ್ನೊಂದು ಮೊಬೈಲು ಮಗ್ಗುಲಲ್ಲೇ ಇರಲಿ.