ಪುಟವನ್ನೂ ತೂಗಿ ನೋಡಬೇಕು

ಬ್ಯಾಡಗಿಯ ಮೆಣಸಿನಕಾಯಿ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ ಹೆಸರಾದುದು ಎಂಬುದನ್ನು ಹಾವೇರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾಗಿಲ್ಲ. ಮಾರುಕಟ್ಟೆಯ ಅಂಗಳದಲ್ಲಿ ರಾಶಿಯ ಮುಂದೆ ನಿಂತ ಖರೀದಿದಾರನು ಡಬ್ಬಿ ಯಾವುದು, ಕಡ್ಡಿ ಯಾವುದು, ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ಕಣ್ಣಿನಿಂದಲೇ ಅರಿಯುತ್ತಾನೆ. ಆದರೆ ಅದೇ ಕಾಯಿ ಬಣ್ಣ ತೆಗೆಯುವ ಕಾರ್ಖಾನೆಗೆ ಹೋದಾಗ ಕಣ್ಣಿನ ಸಾಕ್ಷ್ಯವೊಂದೇ ಸಾಲದು. ಅಲ್ಲಿ ಪುಡಿಯನ್ನು ಅಸಿಟೋನ್ ದ್ರವದಲ್ಲಿ ನೆನೆಸಿ, ಬಣ್ಣವಿಳಿದ ಆ ದ್ರವದ ಮೂಲಕ 460 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಲ್ಪಟ್ಟಿತೆಂದು ಅಳೆಯುತ್ತಾರೆ. ಹೀಗೆ ಬಂದ ಅಂಕಿಗೆ ಯಾರ ಮುಲಾಜೂ ಇಲ್ಲ. ಮಾರುವವನಿಗೂ ಕೊಳ್ಳುವವನಿಗೂ ಅದು ಒಂದೇ.

ಈ ಮಾತನ್ನು ಪೀಠಿಕೆಯಾಗಿ ಹೇಳಲು ಕಾರಣವುಂಟು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳಲ್ಲಿ ಇಂದು ಬೀಜದ ವ್ಯಾಪಾರಿಗಳು, ದಲಾಲಿ ಅಂಗಡಿಗಳು, ಶಾಲಾ ಕಾಲೇಜುಗಳು, ಸಹಕಾರಿ ಸಂಘಗಳು ತಮ್ಮದೊಂದು ಜಾಲತಾಣವಿರಲೆಂದು ಬಯಸುತ್ತಿವೆ. ಅದನ್ನು ಕಟ್ಟಿಕೊಡುವ ಉತ್ಸಾಹಿ ತರುಣರೂ ಇದ್ದಾರೆ. ಈ ವಿದ್ಯೆಯನ್ನು ಕಲಿಯಬಯಸುವ ವಿದ್ಯಾರ್ಥಿಗಳು ಅಧ್ಯಾಪಕರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು: ಯಾವ ತಂತ್ರಾಂಶವನ್ನು ಕೊಳ್ಳಬೇಕು? ಯಾವ ಊರಿನ ತರಗತಿಗೆ ಸೇರಬೇಕು? ನನ್ನ ಅಭಿಪ್ರಾಯದಲ್ಲಿ ಎರಡೂ ಮೊದಲು ಕೇಳತಕ್ಕ ಪ್ರಶ್ನೆಗಳಲ್ಲ. ಪುಟವನ್ನು ಅಲಂಕರಿಸುವ ಸಲಕರಣೆಗಳು ಬೇಕಾದಷ್ಟಿವೆ. ಆದರೆ ಕಲಿಯುವವನಿಗೆ ಮೊದಲು ಬೇಕಾದುದು ಪುಟವನ್ನು ಅಳೆಯುವ ಸಲಕರಣೆ. ಅದು ಬಿಡಿಗಾಸಿನ ಖರ್ಚಿಲ್ಲದೆ ದೊರೆಯುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಪ್ರಯೋಗ ಪರೀಕ್ಷೆಯ ವೇಳಾಪಟ್ಟಿಯನ್ನು ಜಾಲಪುಟಕ್ಕೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಫಲಕದ ಮೇಲಿದ್ದ ಕಾಗದವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಾಗೆಯೇ ಏರಿಸಿಬಿಟ್ಟೆ. ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಮರುದಿನ, ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಬಂದು, “ಸರ್, ಪುಟದಲ್ಲಿ ಏನೂ ಇಲ್ಲವಲ್ಲ, ಪರೀಕ್ಷೆ ಯಾವತ್ತು?” ಎಂದು ಕೇಳಿದಳು. ಆಕೆಯ ಗೆಳತಿ ಭೌತವಿಜ್ಞಾನ ತೆಗೆದುಕೊಂಡು ಪ್ರಯೋಗಶಾಲೆಗೆ ಬರುತ್ತಿದ್ದಳು. ಅವಳ ಪರವಾಗಿ ಈಕೆ ಮನೆಯಲ್ಲಿ ಪುಟವನ್ನು ತೆರೆದಿದ್ದಳು. ಫೋನಿನ ಓದುಯಂತ್ರ ‘ಚಿತ್ರ’ ಎಂಬ ಒಂದು ಪದವನ್ನಷ್ಟೇ ಉಚ್ಚರಿಸಿ ಸುಮ್ಮನಾಗಿತ್ತು. ನಾನು ಬರೆದ ಪುಟದಲ್ಲಿ ಆಕೆಯ ಮಟ್ಟಿಗೆ ನಿಜಕ್ಕೂ ಏನೂ ಇರಲಿಲ್ಲ. ತಪ್ಪು ನನ್ನದು, ಅದನ್ನು ತಿಳಿಯುವ ಉಪಾಯ ನನ್ನ ಕೈಯಲ್ಲೇ ಇದ್ದರೂ ನಾನು ಬಳಸಿರಲಿಲ್ಲ.

ಅಕ್ಷರದ ಚಿತ್ರಕ್ಕೂ ಅಕ್ಷರಕ್ಕೂ ಇರುವ ಅಂತರವನ್ನು ಸ್ವಲ್ಪ ಲೆಕ್ಕದಿಂದ ಪರಿಶೀಲಿಸೋಣ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ನಮ್ಮ ಲಿಪಿಗೆ ಮೀಸಲಾದ ಮನೆಗಳು 128. ಜಾಲಪುಟಗಳಲ್ಲಿ ಬಳಕೆಯಾಗುವ ಯುಟಿಎಫ್-8 ಎಂಬ ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕ್ಷ’ ಎಂಬುದು ನಮಗೆ ಒಂದೇ ಅಕ್ಷರವಾಗಿ ಕಂಡರೂ ಯಂತ್ರಕ್ಕೆ ಅದು ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತ, ಒಂಬತ್ತು ಬೈಟ್. ಹೀಗಿದ್ದರೂ ಸಾವಿರ ಸಂಕೇತಗಳ ಒಂದು ಪ್ರಕಟಣೆಯ ತೂಕ ಮೂರು ಸಾವಿರ ಬೈಟ್ ಮಾತ್ರ. ಅದೇ ಪ್ರಕಟಣೆಯ ಚಿತ್ರ ಹತ್ತು ಲಕ್ಷ ಬೈಟ್ ಇದ್ದರೆ ಅಚ್ಚರಿಯೇನಿಲ್ಲ. ಸಂಪರ್ಕ ದುರ್ಬಲವಾಗಿರುವ ಹಳ್ಳಿಯಲ್ಲಿ ಸೆಕೆಂಡಿಗೆ ನಾಲ್ಕು ಲಕ್ಷ ಬಿಟ್ ಹರಿಯುತ್ತದೆಂದು ಇಟ್ಟುಕೊಳ್ಳಿ. ಚಿತ್ರ ಬಂದು ಮುಟ್ಟಲು 20 ಸೆಕೆಂಡು. ಅಕ್ಷರಗಳು ಮುಟ್ಟಲು ಸೆಕೆಂಡಿನ ನೂರನೆಯ ಆರು ಭಾಗ. ಇದಲ್ಲದೆ, ಅಕ್ಷರವನ್ನು ಹುಡುಕಬಹುದು, ಹಿಗ್ಗಿಸಬಹುದು, ನಕಲಿಸಬಹುದು, ಯಂತ್ರದಿಂದ ಓದಿಸಬಹುದು. ಚಿತ್ರದೊಳಗಿನ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಇಂದು ಇವೆ, ದಿಟ. ಆದರೆ ಒಂದು ಅಂಕೆಯನ್ನು ಅದು ತಪ್ಪಾಗಿ ಓದಿದರೆ ಪರೀಕ್ಷೆಯ ದಿನವೇ ತಪ್ಪೀತು.

ಕನ್ನಡವನ್ನು ಗಣಕಕ್ಕೆ ತರಲು ಹಿರಿಯರು ಪಟ್ಟ ಶ್ರಮ ಸಾಮಾನ್ಯವಲ್ಲ. ಕೆ. ಪಿ. ರಾಯರು ಉಚ್ಚಾರಣೆಗೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜರು 1996ರಲ್ಲಿ ಆರಂಭಿಸಿದ ‘ವಿಶ್ವಕನ್ನಡ’ವು ಕನ್ನಡದ ಮೊದಲ ಜಾಲತಾಣವೆಂದು ಹೆಸರಾಗಿದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿ ಕಚೇರಿಗೂ ಹರಡಿತು. ಆದರೆ ಅಂದಿನ ಅಕ್ಷರಶೈಲಿಗಳಲ್ಲಿ ಒಂದು ತೊಡಕಿತ್ತು. ಯಂತ್ರದ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ದೊಡ್ಡಾಟದ ಪಾತ್ರಧಾರಿಗೆ ಕಿರೀಟ ಕಟ್ಟಿದಂತೆ ಹೊರಗೆ ಕನ್ನಡದ ವೇಷ ತೊಡಿಸಲಾಗುತ್ತಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಅಂದಿಗೆ ಅದು ಅನಿವಾರ್ಯವಾಗಿತ್ತು, ಇಂದಿಗೆ ಅಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ದೊರೆಯುತ್ತವೆ. ನೋಟೊ, ತಿರೊ, ಅನೇಕ್, ಬಲೂ ತಮ್ಮ ಮುಂತಾದ ಕನ್ನಡ ಅಕ್ಷರಶೈಲಿಗಳನ್ನು, ನಮ್ಮ ನೆರೆಯೂರಿನ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ಯನ್ನೂ, ಗೂಗಲ್ ಫಾಂಟ್ಸ್ ಭಂಡಾರದಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು.

ಎರಡನೆಯ ಅಳತೆ ಬಣ್ಣದ್ದು. ಮೆಣಸಿನಕಾಯಿಯ ವ್ಯಾಪಾರಿಗೆ ಪುಟ ಕಟ್ಟುವ ತರುಣನಿಗೆ ಕೆಂಪು ಬಣ್ಣದ ಮೇಲೆ ಮೋಹ ಹುಟ್ಟುವುದು ಸಹಜ. ಬಿಳಿಯ ಹಿನ್ನೆಲೆಯ ಮೇಲೆ ಅಚ್ಚ ಕೆಂಪಿನ ಅಕ್ಷರಗಳನ್ನು ಅವನು ಇಡುತ್ತಾನೆ. ಕಣ್ಣಿಗೆ ಸೊಗಸೆನಿಸುತ್ತದೆ. ಅಳೆದರೆ ಏನಾಗುತ್ತದೆ? ಜಾಲಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಬಿಳಿಯ ಪ್ರಕಾಶವನ್ನು 1 ಎಂದೂ ಕಪ್ಪಿನದನ್ನು 0 ಎಂದೂ ಹಿಡಿದು, ಎರಡು ಬಣ್ಣಗಳ ಪ್ರಕಾಶಕ್ಕೆ 0.05ನ್ನು ಕೂಡಿಸಿ ಭಾಗಿಸುತ್ತಾರೆ. ಕಪ್ಪು-ಬಿಳಿಗಳ ನಡುವಿನ ಅನುಪಾತ 21. ಸಣ್ಣ ಅಕ್ಷರಗಳಿಗೆ ಕನಿಷ್ಠ 4.5 ಇರಬೇಕು. ಪರದೆಯ ಅಚ್ಚ ಕೆಂಪಿನ ಪ್ರಕಾಶ 0.2126 ಮಾತ್ರ, ಬಿಳಿಯ ಮೇಲೆ ಅದರ ಅನುಪಾತ 1.05 ಭಾಗಿಸು 0.2626, ಅಂದರೆ ಸುಮಾರು 4.0. ಅದು ಅನುತ್ತೀರ್ಣ. ಅದೇ ಕೆಂಪನ್ನು ಕಪ್ಪಿನ ಮೇಲೆ ಇಟ್ಟರೆ 5.25 ಬಂದು ಉತ್ತೀರ್ಣವಾಗುತ್ತದೆ. ಬಿಳಿಯ ಮೇಲೆ ಹಳದಿಯ ಅನುಪಾತವಂತೂ 1.07, ಅದನ್ನು ಓದುವುದು ಯಾರಿಂದಲೂ ಕಷ್ಟ. ಒಣಗಿದ ಬ್ಯಾಡಗಿ ಕಾಯಿಯ ಹಾಗೆ ಕಪ್ಪಿಗೆ ತಿರುಗಿದ ಕೆಂಪನ್ನು ಆರಿಸಿಕೊಂಡರೆ ಅನುಪಾತ 7ನ್ನು ಮೀರುವಂತೆ ಮಾಡಬಹುದು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೊಲದ ಬದುವಿನ ಮೇಲೆ ನಿಂತು ಫೋನು ನೋಡುವ ಐವತ್ತು ದಾಟಿದ ರೈತನಿಗೆ ಈ ಅಂಕಿಯ ಬೆಲೆ ಗೊತ್ತಾಗುತ್ತದೆ.

ಇನ್ನು ಸಲಕರಣೆಗಳ ವಿಚಾರ. ಮೊದಲನೆಯದು ಬ್ರೌಸರಿನೊಳಗೇ ಅಡಗಿದೆ. ಗಣಕದ ಕೀಲಿಮಣೆಯಲ್ಲಿ ಎಫ್-12 ಎಂಬ ಕೀಲಿಯನ್ನು ಒತ್ತಿದರೆ ಪುಟದ ಒಳರಚನೆ ತೆರೆದುಕೊಳ್ಳುತ್ತದೆ. ಯಾವ ಭಾಗದ ತೂಕವೆಷ್ಟು, ನಿಧಾನವಾದ ಸಂಪರ್ಕದಲ್ಲಿ ಪುಟ ಹೇಗೆ ಬರುತ್ತದೆ, ಸಣ್ಣ ಪರದೆಯ ಮೇಲೆ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಅಲ್ಲಿ ಪ್ರಯೋಗ ಮಾಡಿ ನೋಡಬಹುದು. ಕ್ರೋಮ್ ಬ್ರೌಸರಿನಲ್ಲಿರುವ ಲೈಟ್‌ಹೌಸ್ ಎಂಬ ಪರೀಕ್ಷಕ ಪುಟಕ್ಕೆ ಅಂಕಗಳನ್ನೂ ಕೊಡುತ್ತದೆ. ಟಿಮ್ ಬರ್ನರ್ಸ್-ಲೀ 1994ರಲ್ಲಿ ಸ್ಥಾಪಿಸಿದ ಡಬ್ಲ್ಯೂ3ಸಿ ಸಂಸ್ಥೆಯ ಪರೀಕ್ಷಕ ತಾಣವು ಬರವಣಿಗೆಯ ವ್ಯಾಕರಣದೋಷಗಳನ್ನು ಸಾಲುಸಾಲಾಗಿ ತೋರಿಸುತ್ತದೆ. ಅಮೆರಿಕದ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ವೇವ್’ ಬಣ್ಣದ ಅನುಪಾತವನ್ನೂ ವಿವರಣೆಯಿಲ್ಲದ ಚಿತ್ರಗಳನ್ನೂ ಹುಡುಕಿಕೊಡುತ್ತದೆ. ಕಲಿಕೆಗೆ ಮೊಜಿಲ್ಲಾದವರ ಎಮ್‌ಡಿಎನ್ ಎಂಬ ಪಾಠಭಂಡಾರವಿದೆ.

ಇವೆಲ್ಲಕ್ಕೂ ಮಿಗಿಲಾದ ಪರೀಕ್ಷಕವೊಂದನ್ನು ಬೇರೆಯಾಗಿಯೇ ಹೇಳತಕ್ಕದ್ದು. ಆಸ್ಟ್ರೇಲಿಯದ ಮೈಕೇಲ್ ಕರ್ರನ್ ಮತ್ತು ಜೇಮ್ಸ್ ಟೆ ಎಂಬ ಇಬ್ಬರು ಅಂಧ ತರುಣರು 2006ರಲ್ಲಿ ತೊಡಗಿ ನಿರ್ಮಿಸಿದ ಎನ್‌ವಿಡಿಎ ಎಂಬ ಓದುಯಂತ್ರವು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತದೆ, ಕನ್ನಡವನ್ನೂ ಓದಬಲ್ಲದು. ಉಚ್ಚಾರಣೆ ಯಂತ್ರದ್ದೇ, ಆದರೆ ಅರ್ಥವಾಗುತ್ತದೆ. ಪುಟದ ಆರಂಭದಲ್ಲಿ ಭಾಷೆ ಕನ್ನಡವೆಂದು ಸೂಚಿಸುವ ‘ಕೆ-ಎನ್’ ಗುರುತನ್ನು ಬರೆದಿಟ್ಟರೆ ಯಾವ ಧ್ವನಿಯಲ್ಲಿ ಓದಬೇಕೆಂದು ಅದು ತಿಳಿಯಬಲ್ಲದು. ನೀವು ಕಟ್ಟಿದ ಪುಟವನ್ನು ತೆರೆದು, ಪರದೆಯನ್ನು ಆರಿಸಿ, ಇದರ ಧ್ವನಿಯನ್ನಷ್ಟೇ ಕೇಳುತ್ತ ಒಂದು ದೂರವಾಣಿ ಸಂಖ್ಯೆಯನ್ನು ಹುಡುಕಿ ನೋಡಿ. ಐದು ನಿಮಿಷದ ಈ ಪ್ರಯೋಗ ಐದು ತಿಂಗಳ ತರಗತಿಯಷ್ಟು ಕಲಿಸುತ್ತದೆ.

ಓದುವುದರ ಜೊತೆಗೆ ಕೇಳಿ ಕಲಿಯುವ ಮಾರ್ಗವೂ ಉಂಟು. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದಾಗ ಈ ಸೀಮೆಯ ಜನ ಗೊತ್ತಾದ ವೇಳೆಗೆ ರೇಡಿಯೋದ ಮುಂದೆ ಬಂದು ಕೂಡಬೇಕಾಗಿತ್ತು. 2004ರಿಂದ ಪಾಡ್‌ಕಾಸ್ಟ್ ಎಂಬ ಹೆಸರು ಪಡೆದ ಧ್ವನಿಮಾಲಿಕೆಗಳಿಗೆ ಅಂಥ ಕಟ್ಟಳೆಯಿಲ್ಲ; ಬೇಕಾದಾಗ ಇಳಿಸಿಕೊಂಡು ಬೇಕಾದಾಗ ಕೇಳಬಹುದು. ಸೆಕೆಂಡಿಗೆ 64 ಸಾವಿರ ಬಿಟ್ ಪ್ರಮಾಣದ ಒಂದು ಗಂಟೆಯ ಭಾಷಣದ ತೂಕ 28.8 ಮೆಗಾಬೈಟ್. ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡರೆ, ಹಾವೇರಿಯಿಂದ ಬ್ಯಾಡಗಿಯ ಮೇಲೆ ರಾಣೆಬೆನ್ನೂರಿಗೆ ಹೋಗುವ ರೈಲಿನಲ್ಲಿ ಸಂಪರ್ಕವಿಲ್ಲದೆಯೂ ಕೇಳಬಹುದು. ಕ್ರಿಸ್ ಕಾಯರ್ ಮತ್ತು ಡೇವ್ ರೂಪರ್ಟ್ 2012ರಲ್ಲಿ ತೊಡಗಿದ ‘ಶಾಪ್‌ಟಾಕ್’, ವೆಸ್ ಬಾಸ್ ಮತ್ತು ಸ್ಕಾಟ್ ಟೊಲಿನ್‌ಸ್ಕಿ 2017ರಲ್ಲಿ ತೊಡಗಿದ ‘ಸಿಂಟ್ಯಾಕ್ಸ್’ ಇವು ಜಾಲಪುಟ ಕಟ್ಟುವವರ ಕಮ್ಮಟದ ಮಾತುಕತೆಗಳು. ರೋಮನ್ ಮಾರ್ಸ್ 2010ರಿಂದ ನಡೆಸಿದ ‘99% ಇನ್‌ವಿಸಿಬಲ್’ ವಿನ್ಯಾಸದ ದೃಷ್ಟಿಯನ್ನು ಬೆಳೆಸುತ್ತದೆ. ಆದರೆ ಒಂದು ಎಚ್ಚರಿಕೆ. ಈಜಿನ ವಿಷಯ ಕೇಳಿದವನು ಈಜು ಬಲ್ಲವನಾಗುವುದಿಲ್ಲ. ಒಂದು ಗಂಟೆ ಕೇಳಿದವನು ಅದರಲ್ಲಿನ ಒಂದು ಸಂಗತಿಯನ್ನಾದರೂ ಅದೇ ದಿನ ಕೈಯಾರೆ ಮಾಡಿ ನೋಡಬೇಕು.

ಇದೆಲ್ಲವೂ ಇಂಗ್ಲಿಷಿನಲ್ಲಿದೆಯಲ್ಲ ಎಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಪರಿಹಾರವೂ ನಮ್ಮ ಕೈಯಲ್ಲೇ ಇದೆ. ‘ಇಜ್ಞಾನ’ದಂಥ ತಾಣಗಳು ತಂತ್ರಜ್ಞಾನವನ್ನು ಕನ್ನಡದಲ್ಲಿ ತಿಳಿಸುವ ಕೆಲಸ ಮಾಡಿವೆ, ‘ತಲೆ-ಹರಟೆ’ಯಂಥ ಧ್ವನಿಮಾಲಿಕೆಗಳು ಕನ್ನಡದಲ್ಲಿ ಗಂಭೀರ ವಿಷಯಗಳನ್ನು ಹರಟೆಯಂತೆ ಮಾತಾಡಬಹುದೆಂದು ತೋರಿಸಿವೆ. ಬ್ಯಾಡಗಿಯ ಒಂದು ಅಂಗಡಿಗೆ ಪುಟ ಕಟ್ಟಿದ ಅನುಭವವನ್ನು ಮೂವರು ವಿದ್ಯಾರ್ಥಿಗಳು ಕುಳಿತು ಮಾತನಾಡಿ ಮುದ್ರಿಸಿದರೆ, ಮುಂದಿನ ವರ್ಷದ ವಿದ್ಯಾರ್ಥಿಗೆ ಅದೇ ಪಾಠವಾಗುತ್ತದೆ. ಅದಕ್ಕೆ ಫೋನೊಂದು ಸಾಕು.

ಕೃತಕ ಬುದ್ಧಿಯ ಯಂತ್ರಕ್ಕೆ ಹೇಳಿದರೆ ಕ್ಷಣದಲ್ಲಿ ಪುಟ ಸಿದ್ಧವಾಗುವಾಗ ಇಷ್ಟೆಲ್ಲ ಏಕೆ ಎಂದು ಇನ್ನೊಬ್ಬರು ಕೇಳಬಹುದು. ಪುಟ ಸಿದ್ಧವಾಗುತ್ತದೆ, ಸಂದೇಹವಿಲ್ಲ. ಆದರೆ ಅದು ಸರಿಯಿದೆಯೇ ಎಂದು ಹೇಳುವವರು ಯಾರು? ಕಟ್ಟುವ ಕೆಲಸ ಸುಲಭವಾದಷ್ಟೂ ಅಳೆಯುವವನ ಹೊಣೆ ಹೆಚ್ಚುತ್ತದೆ. ತಕ್ಕಡಿ ಹಿಡಿಯಲು ಬಾರದವನು ರಾಶಿ ಎಷ್ಟು ದೊಡ್ಡದಿದ್ದರೂ ಮೋಸಹೋಗುತ್ತಾನೆ.

ವರ್ಲ್ಡ್ ವೈಡ್ ವೆಬ್‌ನ ಮೂಲ ತಂತ್ರಾಂಶವನ್ನು 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಭೌತವಿಜ್ಞಾನಿಗಳ ಪ್ರಯೋಗಶಾಲೆಯೊಂದರಿಂದ ಬಂದ ಈ ಕೊಡುಗೆಯನ್ನು ಪ್ರಯೋಗಶಾಲೆಯ ಶಿಸ್ತಿನಿಂದಲೇ ಬಳಸುವುದು ಉಚಿತ. ವಿದ್ಯಾರ್ಥಿಗಳು ಈ ತಿಂಗಳು ತಮ್ಮ ಊರಿನ ಯಾವುದಾದರೂ ಒಂದು ಪುಟವನ್ನು ಆರಿಸಿಕೊಂಡು ಮೂರು ಪ್ರಶ್ನೆ ಕೇಳಲಿ: ಅದರ ಅಕ್ಷರ ಅಕ್ಷರವಾಗಿಯೇ ಇದೆಯೇ? ತೂಕವೆಷ್ಟು? ಬಣ್ಣದ ಅನುಪಾತವೆಷ್ಟು? ಉತ್ತರಗಳನ್ನು ಪ್ರಯೋಗದ ವಹಿಯಲ್ಲಿ ಬರೆದಂತೆ ಬರೆದು, ಪುಟದ ಒಡೆಯರಿಗೆ ವಿನಯದಿಂದ ತೋರಿಸಲಿ. ನಾನು ನನ್ನ ವೇಳಾಪಟ್ಟಿಯನ್ನು ಅಂದೇ ಅಕ್ಷರಗಳಲ್ಲಿ ಬೆರಳಚ್ಚಿಸಿ ಏರಿಸಿದೆ. ಹತ್ತು ನಿಮಿಷ ಹಿಡಿಯಿತು. ಆ ವಿದ್ಯಾರ್ಥಿನಿ ಮರುದಿನ ಮತ್ತೆ ಬಂದು ಹೇಳಿದ್ದು ಇಷ್ಟೇ: “ಸರ್, ಮೂರನೆಯ ಸಾಲಿನಲ್ಲಿ ‘ಪ್ರಯೋಗ’ಕ್ಕೆ ಒತ್ತು ಬಿಟ್ಟುಹೋಗಿದೆ.”